ಒಂದೇ ಮೆಸೇಜು, ನಾಲ್ಕು ದಾರಿ: ಮೋರ್ಸ್ ಕೀಲಿಯಿಂದ ಟಚ್‌ಸ್ಕ್ರೀನ್‌ವರೆಗೆ

‘ನಾಳೆ ಬರ್ತೀನಿ.’ ಇಷ್ಟೇ ಮೆಸೇಜು. ಇದನ್ನು ನಾಲ್ಕು ಥರ ಕುಟ್ಟಿ ನೋಡಿದೆ. ಮೊದಲ ಮೂರರಲ್ಲಿ ಇಂಗ್ಲಿಷ್ ಅಕ್ಷರ, ಕೊನೆಯದರಲ್ಲಿ ಮಾತ್ರ ಕನ್ನಡ. ಬೆರಳಿಗೆ ಎಲ್ಲಿ ಕೆಲಸ ಜಾಸ್ತಿ ಅನ್ನೋದು ನನ್ನ ಕುತೂಹಲ.

ಮೊದಲು ಮೋರ್ಸ್, ಅಂದರೆ ಅಕ್ಷರಗಳನ್ನು ಚುಕ್ಕಿ-ಗೆರೆಗಳಾಗಿ ಕುಟ್ಟುವ ಹಳೇ ತಂತಿ ಸಂಕೇತ. ಒಂದು ಬ್ಯಾಟರಿ, ಒಂದು ಬಝರ್, ಒತ್ತಿ ಬಿಡುವ ಒಂದು ಸ್ವಿಚ್ ಸೇರಿಸಿಕೊಂಡೆ. 1844ರಲ್ಲಿ ವಾಷಿಂಗ್ಟನ್‌ನಿಂದ ಬಾಲ್ಟಿಮೋರ್‌ಗೆ ತಂತಿ ಸುದ್ದಿ ಹೋಗಿದ್ದೂ ಇಂಥ ಚುಕ್ಕಿ-ಗೆರೆಗಳಲ್ಲೇ. ಚುಕ್ಕಿಗೆ ಒಂದು ಪಾಲು ಹೊತ್ತು, ಗೆರೆಗೆ ಮೂರು. ಅಕ್ಷರಗಳ ನಡುವೆ ಮೂರು ಪಾಲು ಬಿಡುವು, ಪದಗಳ ನಡುವೆ ಏಳು. ನನ್ನ ಮೆಸೇಜಿಗೆ ಒಟ್ಟು 25 ಒತ್ತು. ಕಷ್ಟ ಇರೋದು ಒತ್ತುವುದರಲ್ಲಲ್ಲ, ಸುಮ್ಮನಿರುವುದರಲ್ಲಿ! ‘ಎನ್’ ಅಂದರೆ ಗೆರೆ, ಚುಕ್ಕಿ. ‘ಎ’ ಅಂದರೆ ಚುಕ್ಕಿ, ಗೆರೆ. ನಡುವೆ ಬಿಡುವು ಸಾಲದೆ ಎರಡೂ ಅಂಟಿಕೊಂಡು ‘ಎಕ್ಸ್’ ಆಗಿಬಿಟ್ಟವು. ‘ನಾಳೆ’ ಮೊದಲ ಹೆಜ್ಜೆಯಲ್ಲೇ ಮುಗ್ಗರಿಸಿತು. ಸರಿಯಾಗಿ ಬರುವಷ್ಟರಲ್ಲಿ ಅರ್ಧ ನಿಮಿಷ ಹೋಯಿತು.

ಎರಡನೆಯದು ಹಳೇ ಬಟನ್ ಫೋನು. ಇಲ್ಲಿ 24 ಒತ್ತು, ಮೋರ್ಸ್‌ಗಿಂತ ಒಂದೇ ಒಂದು ಕಡಿಮೆ. ನಗು ಬಂತು, ಯಾಕಂದರೆ ಇಲ್ಲೂ ಅದೇ ತಾಪತ್ರಯ. ‘ಬಿ’ ಮತ್ತು ‘ಎ’ ಎರಡೂ 2ರ ಕೀಲಿಯಲ್ಲೇ ಇವೆ. ಎರಡು ಸಲ ಒತ್ತಿ, ಕ್ಷಣ ತಡೆದು, ಮತ್ತೊಂದು ಸಲ ಒತ್ತಬೇಕು. ತಡೆಯದಿದ್ದರೆ ಮೂರೂ ಸೇರಿ ‘ಸಿ’.

ಈ ಕೀಪ್ಯಾಡಿನ ಮೇಲೆ ನನಗೊಂದು ಸಿಟ್ಟಿದೆ. ಮೋರ್ಸ್ ಸಂಕೇತ ರೂಪಿಸುವಾಗ, ಅದಕ್ಕೆ ಹೆಸರು ಕೊಟ್ಟ ಸ್ಯಾಮ್ಯುಯೆಲ್ ಮೋರ್ಸ್ ಅವರ ಜೊತೆಗಾರ ಆಲ್ಫ್ರೆಡ್ ವೇಲ್ ಅಚ್ಚುಮನೆಗೆ ಹೋಗಿ, ಯಾವ ಅಕ್ಷರದ ಮೊಳೆ ಎಷ್ಟಿದೆ ಅಂತ ಎಣಿಸಿದರಂತೆ. ಜಾಸ್ತಿ ಬಳಕೆಯ ಅಕ್ಷರಕ್ಕೆ ಚಿಕ್ಕ ಸಂಕೇತ. ಹಾಗಾಗಿ ‘ಇ’ಗೆ ಬರೀ ಒಂದು ಚುಕ್ಕಿ. ಕೀಪ್ಯಾಡಿನಲ್ಲಿ ಅಕ್ಷರಗಳನ್ನು ವರ್ಣಮಾಲೆಯ ಸಾಲಿನಂತೆ ಸುಮ್ನೆ ಹಂಚಿಬಿಟ್ಟರು. ‘ಇ’ಗೆ ಎರಡು ಒತ್ತು. ಪದೇಪದೇ ಬೇಕಾಗುವ ‘ಎಸ್’ಗೆ ನಾಲ್ಕು! ನೂರು ವರ್ಷದ ಮೇಲೆ ಬಂದ ಯಂತ್ರ ಹಳೆಯದಕ್ಕಿಂತ ದಡ್ಡ ಅಂದರೆ ತಪ್ಪಾ?

ಆ ದಡ್ಡತನಕ್ಕೆ ತೇಪೆ ಹಾಕಲು ಬಂದಿದ್ದೇ ಟಿ9. ಒಂದಕ್ಷರಕ್ಕೆ ಒಂದೇ ಒತ್ತು, ಪದ ಯಾವುದು ಅಂತ ಫೋನೇ ಊಹಿಸುತ್ತದೆ. 12 ಒತ್ತಿಗೆ ಮೆಸೇಜು ಮುಗಿಯಬೇಕಿತ್ತು. 6253 ಒತ್ತಿದೆ, ‘ನಾಳೆ’ ಬದಲು ಇಂಗ್ಲಿಷಿನ ‘ಮೇಕ್’ ಬಂತು. ಅದರ ನಿಘಂಟಿನಲ್ಲಿ ನಮ್ಮ ಮಾತೇ ಇಲ್ಲವಲ್ಲ! ಕನ್ನಡದವರಿಗೆ ಇದು ಬೇಡ.

ಕೊನೆಗೆ ಟಚ್‌ಸ್ಕ್ರೀನ್, ಕನ್ನಡ ಕೀಲಿಮಣೆ. ಶಿಫ್ಟ್ ಲೆಕ್ಕಕ್ಕೆ ಹಿಡಿಯದಿದ್ದರೆ ಇಲ್ಲೂ 12 ಒತ್ತು. ಐದಾರು ಸೆಕೆಂಡಿನ ಕೆಲಸ. ವೇಗದಲ್ಲಿ ಇದನ್ನು ಮೀರಿಸಿದ್ದು ಯಾವುದೂ ಇಲ್ಲ. ಆದರೆ ಎಸ್‌ಎಂಎಸ್ ಕಳಿಸುವಾಗ ಒಂದು ಪೆಟ್ಟು ಬೀಳುತ್ತದೆ. ಒಂದು ಎಸ್‌ಎಂಎಸ್‌ನಲ್ಲಿ ಇರೋದೇ 140 ಬೈಟ್, ಅಂದರೆ 1120 ಬಿಟ್ ಜಾಗ. 7 ಬಿಟ್‌ನ ಇಂಗ್ಲಿಷ್ ಅಕ್ಷರ 160 ಹಿಡಿಯುತ್ತವೆ, 16 ಬಿಟ್ ಬೇಡುವ ಕನ್ನಡಕ್ಕೆ ಸಿಗೋದು 70. ಅದರಲ್ಲೂ ‘ರ್ತೀ’ ಅನ್ನೋದು ಕಣ್ಣಿಗೆ ಒಂದೇ ಅಕ್ಷರವಾದರೂ ಲೆಕ್ಕಕ್ಕೆ ನಾಲ್ಕು.

ದಿನಬಳಕೆಗೆ ಟಚ್‌ಸ್ಕ್ರೀನೇ ಸರಿ, ಅದರಲ್ಲಿ ಎರಡು ಮಾತಿಲ್ಲ. ಆಮೇಲೆ ಸುಮ್ನೆ ಕಣ್ಣು ಮುಚ್ಚಿಕೊಂಡು ಇನ್ನೊಂದು ಸುತ್ತು ನಡೆಸಿದೆ. ಮೋರ್ಸ್‌ಗೆ ಕಣ್ಣು ಬೇಕೇ ಇಲ್ಲ, ಕಿವಿ ಸಾಕು. ಬಟನ್ ಫೋನಿನ 5ರ ಮೇಲಿನ ಪುಟ್ಟ ಗುಬುಟು ಹೆಬ್ಬೆರಳಿಗೆ ಸಿಕ್ಕಿತು, ಅಲ್ಲಿಂದ ಮಿಕ್ಕಿದ್ದೆಲ್ಲ ತಡವರಿಸದೆ ಬಂತು. ಟಚ್‌ಸ್ಕ್ರೀನಿನಲ್ಲಿ ಬಂದಿದ್ದನ್ನು ಓದಲು ಹೋಗಿ ನಾನೇ ಸೋತೆ.