ಗಾಜಿನ ಮನೆಯೊಳಗೆ ಆರು ಕತ್ತಲೆಯ ಕೋಣೆಗಳು

ಬರ್ಲಿನ್ನಿನ ನೊಯೆ ನ್ಯಾಷನಲ್‌ಗ್ಯಾಲರಿಯ ಮೇಲಂತಸ್ತಿನ ಸಭಾಂಗಣಕ್ಕೆ ನಾಲ್ಕೂ ಕಡೆ ಗಾಜೇ ಗೋಡೆ. ಮೀಸ್ ವ್ಯಾನ್ ಡೆರ್ ರೋಹೆ ವಿನ್ಯಾಸಗೊಳಿಸಿದ, 1968ರಲ್ಲಿ ತೆರೆದ ಈ ಕಟ್ಟಡದಲ್ಲಿ ಹಗಲಿನ ಬೆಳಕನ್ನು ತಡೆಯುವಂಥದ್ದು ಹೆಚ್ಚೇನೂ ಇಲ್ಲದಿರುವುದರಿಂದ, ಕತ್ತಲೆಯನ್ನೇ ನಂಬಿಕೊಂಡ ಸ್ಲೈಡ್ ಮತ್ತು ವಿಡಿಯೊ ಪ್ರದರ್ಶನಕ್ಕೆ ಇದು ಒಗ್ಗದ ಜಾಗವೆಂದೇ ನಾನು ಎಣಿಸಿದ್ದೆ. ಅಮೆರಿಕದ ಛಾಯಾಗ್ರಾಹಕಿ ನ್ಯಾನ್ ಗೋಲ್ಡಿನ್ ಅವರ ‘ದಿಸ್ ವಿಲ್ ನಾಟ್ ಎಂಡ್ ವೆಲ್’ ಪ್ರದರ್ಶನ 2024ರ ನವೆಂಬರ್ 23ರಿಂದ 2025ರ ಏಪ್ರಿಲ್ 6ರವರೆಗೆ ಇಲ್ಲಿಯೇ ನಡೆಯಿತು. ವಾಸ್ತುಶಿಲ್ಪಿ ಹಲಾ ವಾರ್ದೆ ಗಾಜಿನ ಮನೆಯೊಳಗೆ ಆರು ಮುಚ್ಚಿದ ಮಂಟಪಗಳನ್ನು ಎಬ್ಬಿಸಿ, ಒಂದೊಂದರಲ್ಲಿ ಒಂದೊಂದು ಕೃತಿ ಓಡುವಂತೆ ಮಾಡಿದ್ದರು. ಮಂಟಪದಿಂದ ಮಂಟಪಕ್ಕೆ ನಡೆಯುವಾಗ ಗಾಜಿನಾಚೆ ಬರ್ಲಿನ್ನಿನ ವಾಹನಗಳು ಕಾಣುತ್ತಿದ್ದವು. ಒಂದು ಹೆಜ್ಜೆ ಒಳಗಿಟ್ಟರೆ ಬೇರೆ ಊರು, ಬೇರೆ ದಶಕ.

ನಾನು ಮೊದಲು ಹೊಕ್ಕಿದ್ದೂ ಕೊನೆಗೆ ಮರಳಿ ಹೊಕ್ಕಿದ್ದೂ, ಗೋಲ್ಡಿನ್ ಹೆಚ್ಚಾಗಿ ಎಂಬತ್ತರ ದಶಕದ ನ್ಯೂಯಾರ್ಕಿನಲ್ಲಿ ತಮ್ಮ ಹಾಗೂ ಗೆಳೆಯರ ಬದುಕನ್ನು ಹಿಡಿದ ಸ್ಲೈಡ್ ಸರಣಿ ‘ದ ಬ್ಯಾಲಡ್ ಆಫ್ ಸೆಕ್ಷುಯಲ್ ಡಿಪೆಂಡೆನ್ಸಿ’ಯ ಮಂಟಪವನ್ನು. ಸುಮಾರು 700 ಚಿತ್ರಗಳು ಹಾಡುಗಳ ಜೊತೆ ಮುಕ್ಕಾಲು ಗಂಟೆಯೊಳಗೆ ಹಾದುಹೋಗುವುದರಿಂದ ಒಂದು ಚಿತ್ರಕ್ಕೆ ಸರಾಸರಿ ನಾಲ್ಕು ಸೆಕೆಂಡೂ ಸಿಗುವುದಿಲ್ಲ. ಗೋಡೆಗೆ ತೂಗುಹಾಕಿದ ಫೋಟೊದ ಮುಂದೆ ನಮಗೆ ಬೇಕಾದಷ್ಟು ಹೊತ್ತು ನಿಲ್ಲಬಹುದು. ಇಲ್ಲಿ ಚಿತ್ರ ನಮಗಾಗಿ ಕಾಯುವುದಿಲ್ಲ, ಒಂದು ಮುಖದ ಗುರುತು ಹತ್ತುವಷ್ಟರಲ್ಲಿ ಅದು ಹೋಗಿ, ಎಷ್ಟೋ ಹೊತ್ತಿನ ಮೇಲೆ ಬೇರೊಬ್ಬರ ಪಕ್ಕದಲ್ಲಿ ಮತ್ತೆ ಕಾಣಿಸಿಕೊಳ್ಳುತ್ತದೆ.

ಎಂಬತ್ತರ ದಶಕದ ನ್ಯೂಯಾರ್ಕ್ ಎಂದಾಗ ಎತ್ತರದ ಕಟ್ಟಡಗಳನ್ನೂ ಜನಜಂಗುಳಿಯ ಬೀದಿಗಳನ್ನೂ ನಿರೀಕ್ಷಿಸಿ ಹೋದವರಿಗೆ ಅವು ಇಲ್ಲಿ ಅಪರೂಪಕ್ಕೊಮ್ಮೆ ಮಾತ್ರ ಕಾಣುತ್ತವೆ. ಕಾಣುವುದೆಲ್ಲ ಬಾಡಿಗೆಯ ಕೋಣೆ, ಕೆದರಿದ ಹಾಸಿಗೆ, ಬಚ್ಚಲುಮನೆಯ ಕನ್ನಡಿ, ಬಾರಿನ ಮೇಜು, ಫ್ಲ್ಯಾಷ್ ಬೆಳಕಿಗೆ ಕೆಂಪಾದ ಮುಖಗಳು. ಮನೆ ಬಿಟ್ಟು ನಗರ ಸೇರಿದವರಿಗೆ ನಗರವೆಂದರೆ ಮೊದಲಿಗೆ ಒಂದು ಕೋಣೆ ಮತ್ತು ಆ ಕೋಣೆಗೆ ಬಂದುಹೋಗುವ ನಾಲ್ಕು ಜನ ಎಂಬುದನ್ನು ಬೆಂಗಳೂರಿನ ಪಿ.ಜಿ.ಗಳಲ್ಲಿ ವರ್ಷಗಳನ್ನು ಕಳೆದ ನನ್ನಂಥವರಿಗೆ ಯಾರೂ ವಿವರಿಸಬೇಕಾಗಿಲ್ಲ. ನಗರದ ಬಗ್ಗೆ ನಾನು ನೋಡಿದ ಚಿತ್ರಗಳಲ್ಲಿ ಇವು ಹೆಚ್ಚು ನಿಜವೆನಿಸಿದ್ದು ಈ ಕಾರಣಕ್ಕೆ.

ಗೋಲ್ಡಿನ್ ಸ್ಲೈಡಿಗೆ ಅಂಟಿಕೊಂಡಿದ್ದರ ಹಿಂದೆ ಒಂದು ಸಾದಾ ಕಾರಣವಿದೆ. ವಿದ್ಯಾರ್ಥಿನಿಯಾಗಿದ್ದಾಗ ಅಮೆರಿಕದ ಪ್ರಾವಿನ್ಸ್‌ಟೌನ್ ಎಂಬ ಊರಿನಲ್ಲಿ ಅವರಿಗೆ ಫೋಟೊ ಮುದ್ರಿಸುವ ಡಾರ್ಕ್‌ರೂಮ್ ಇರಲಿಲ್ಲ. ಸ್ಲೈಡುಗಳನ್ನೇ ಕಾಲೇಜಿನಲ್ಲಿ ತೋರಿಸಿದರು. ಮುಂದೆ ನ್ಯೂಯಾರ್ಕಿನ ಕ್ಲಬ್ಬುಗಳಲ್ಲಿ ಸ್ವತಃ ಪ್ರೊಜೆಕ್ಟರ್ ನಡೆಸುತ್ತಾ, ಚಿತ್ರದಲ್ಲಿರುವ ಗೆಳೆಯರನ್ನೇ ಪ್ರೇಕ್ಷಕರಾಗಿ ಕೂರಿಸಿಕೊಂಡು ಅವುಗಳನ್ನು ತೋರಿಸಿದರು. ನಮ್ಮೂರ ಟಾಕೀಸಿನಲ್ಲಿ ಸಿನಿಮಾಕ್ಕೆ ಮೊದಲು ಬಟ್ಟೆ ಅಂಗಡಿಯ ಗಾಜಿನ ಸ್ಲೈಡು ಬಿದ್ದಾಗ, ಆ ಅಂಗಡಿಯವರ ಗುರುತಿದ್ದವರೆಲ್ಲ ಕೂಗು ಹಾಕುತ್ತಿದ್ದುದು ಇದನ್ನು ಓದಿದಾಗ ನೆನಪಾಯಿತು.

ಚಿತ್ರಗಳ ನಡುವೆ ಗೋಲ್ಡಿನ್ ಅವರ ಸ್ವಂತ ಮುಖವೂ ಬರುತ್ತದೆ. 1984ರಲ್ಲಿ ಪ್ರಿಯಕರನಿಂದ ತೀವ್ರವಾಗಿ ಹೊಡೆತ ತಿಂದ ಒಂದು ತಿಂಗಳ ಬಳಿಕದ ಚಿತ್ರವದು: ರಕ್ತ ತುಂಬಿದ ಕಣ್ಣು, ತುಟಿಗೆ ಕೆಂಪು ಲಿಪ್‌ಸ್ಟಿಕ್, ಕಿವಿಗೆ ಓಲೆ. ಆ ಹೊಡೆತ ಬಿದ್ದದ್ದು ಇದೇ ಬರ್ಲಿನ್ನಿನಲ್ಲಿ ಎಂಬುದು ಗೊತ್ತಿದ್ದವರಿಗೆ ಆ ನಾಲ್ಕು ಸೆಕೆಂಡು ಭಾರವಾಗಿಯೇ ಕಳೆಯುತ್ತದೆ. ನಟಿ, ಲೇಖಕಿ ಕುಕಿ ಮುಲ್ಲರ್ ತಮ್ಮ 1986ರ ಮದುವೆಯಲ್ಲಿ ಕಣ್ಣೊರೆಸಿಕೊಳ್ಳುವ ಚಿತ್ರವೂ ಇದೆ. 1989ರಲ್ಲಿ ಏಡ್ಸ್ ಆ ದಂಪತಿ ಇಬ್ಬರನ್ನೂ ಕೊಂಡೊಯ್ದಿತು. ಸರಣಿಯನ್ನು ಗೋಲ್ಡಿನ್ ದಶಕಗಳಿಂದ ಮತ್ತೆ ಮತ್ತೆ ಜೋಡಿಸುತ್ತಲೇ ಬಂದಿದ್ದಾರೆ.

ಉಳಿದ ಐದರಲ್ಲಿ ‘ಸಿಸ್ಟರ್ಸ್, ಸೇಂಟ್ಸ್, ಸಿಬಿಲ್ಸ್’ ಮೂರು ಪರದೆಗಳ ವಿಡಿಯೊ. ಹದಿಹರೆಯದಲ್ಲೇ ಆಸ್ಪತ್ರೆಗಳಿಗೆ ತಳ್ಳಲ್ಪಟ್ಟು, 1965ರಲ್ಲಿ ಪ್ರಾಣ ಕಳೆದುಕೊಂಡ ಅಕ್ಕ ಬಾರ್ಬರಾಳ ಕಥೆ ಅದು. ಗೋಲ್ಡಿನ್ ಆಗ ಹನ್ನೊಂದರ ಹುಡುಗಿ. ‘ಮೆಮೊರಿ ಲಾಸ್ಟ್’ ಮಾದಕ ವ್ಯಸನದ ಒಳಗಿನಿಂದ ಮಾತಾಡುತ್ತದೆ. ಮಸುಕು ಚಿತ್ರಗಳ ಮೇಲೆ ಹಳೆಯ ಟೆಲಿಫೋನ್ ಯಂತ್ರದಲ್ಲಿ ಉಳಿದ ಸ್ನೇಹಿತರ ಸಂದೇಶಗಳು ಕೇಳಿಬಂದಾಗ ಮಂಟಪದಲ್ಲಿ ಯಾರೂ ಕದಲಲಿಲ್ಲ. ಬೇರೆಯವರ ಸಿನಿಮಾಗಳ ತುಣುಕುಗಳಿಂದ ಹೊಲಿದ ‘ಸೈರೆನ್ಸ್’ ಅದರ ಪಕ್ಕದಲ್ಲಿ ಅಲಂಕಾರದಂತೆ ಕಂಡಿತು. ಮಿಕಾ ಲೆವಿ ಅವರ ಸಂಗೀತ ಚೆನ್ನಾಗಿದೆ, ಆದರೆ ಚಿತ್ರಗಳಿಗೆ ಗೋಲ್ಡಿನ್ ಅವರ ಸ್ವಂತ ಕೋಣೆಗಳ ಕಾವಿಲ್ಲ.

ಬರ್ಲಿನ್ ಬಳಿಕ ಪ್ರದರ್ಶನ ಮಿಲಾನಿಗೆ ಹೋಯಿತು. ಬೇರೆಲ್ಲಾದರೂ ನೋಡುವ ಅವಕಾಶ ಸಿಕ್ಕವರು ಎರಡೂವರೆ ಗಂಟೆಯಾದರೂ ಮೀಸಲಿಡಬೇಕು, ಮಕ್ಕಳನ್ನು ಕರೆದೊಯ್ಯಬಾರದು, ಹಾಗೂ ‘ಬ್ಯಾಲಡ್’ ಅನ್ನು ನಡುವೆ ಹೊಕ್ಕು ನಡುವೆಯೇ ಎದ್ದುಬರದೆ, ಆರಂಭದಿಂದ ನೋಡಬೇಕು.