ಉಳಿದ ಸೌರ ಕರೆಂಟು ಮಾರುವುದಾದರೆ: ನೆಟ್, ಗ್ರಾಸ್, ವ್ಹೀಲಿಂಗ್, ಎಕ್ಸ್‌ಚೇಂಜ್

ಶೆಡ್ಡಿನ ಮೇಲೆ ಪ್ಯಾನೆಲ್ ಹಾಕಿಸುವವರೆಲ್ಲ ಮೊದಲು ಕೇಳುವುದು ಒಂದೇ: ‘ಉಳಿದ ಕರೆಂಟಿಗೆ ಎಸ್ಕಾಂ (ವಿದ್ಯುತ್ ಸರಬರಾಜು ಕಂಪನಿ) ಯೂನಿಟ್ಟಿಗೆ ಎಷ್ಟು ಕೊಡುತ್ತೆ?’ 2013ರಲ್ಲಿ ಈ ಪ್ರಶ್ನೆಗೆ ಒಳ್ಳೆ ಉತ್ತರವಿತ್ತು. ಆಗ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ (ಕೆಇಆರ್‌ಸಿ) ಚಾವಣಿ ಸೌರ ವಿದ್ಯುತ್ತಿಗೆ ಯೂನಿಟ್ಟಿಗೆ 9.56 ರೂಪಾಯಿ ನಿಗದಿ ಮಾಡಿತ್ತು. 2018ರ ಹೊತ್ತಿಗೆ 10 ಕಿಲೋವಾಟ್ ಮೀರಿದ ಸ್ಥಾವರಗಳ ದರ ನಾಲ್ಕು ರೂಪಾಯಿಗಿಂತ ಕೆಳಗಿಳಿಯಿತು. ಎಸ್ಕಾಂ ಜೊತೆಗಿನ ಮಾರಾಟ ಒಪ್ಪಂದ (ಪಿಪಿಎ) 25 ವರ್ಷದ್ದು, ಸಹಿ ಬಿದ್ದ ಕಾಲದ ದರವೇ ಕೊನೆತನಕ. ಹಾಗಾಗಿ ಪಕ್ಕದ ಕಾರ್ಖಾನೆಯವರಿಗೆ ಒಂಬತ್ತೂವರೆ ಸಿಗುತ್ತಿದ್ದರೆ ಅದು ಅವರ ಕಾಲದ ಅದೃಷ್ಟ. ಅದನ್ನು ತೋರಿಸಿ ನಿಮಗೆ ಸ್ಥಾವರ ಮಾರಲು ಬರುವವರನ್ನು ಬಾಗಿಲಲ್ಲೇ ಕಳಿಸಿಬಿಡಿ.

ಈಗ ಲೆಕ್ಕ ಶುರುವಾಗಬೇಕಾದ್ದು ನೀವು ಕೊಳ್ಳುವ ದರದಿಂದ. ಅದೂ ಬದಲಾಗಿದೆ. 2025ರ ಏಪ್ರಿಲ್‌ನಿಂದ ಎಲ್‌ಟಿ (ಕಡಿಮೆ ವೋಲ್ಟೇಜ್ ಸಂಪರ್ಕದ) ಕೈಗಾರಿಕೆಯ ಎನರ್ಜಿ ಚಾರ್ಜ್ ಯೂನಿಟ್ಟಿಗೆ 6.10ರಿಂದ 4.50ಕ್ಕೆ, ಎಚ್‌ಟಿ (ಹೆಚ್ಚು ವೋಲ್ಟೇಜಿನ) ಕೈಗಾರಿಕೆಯದು 6.90ರಿಂದ 6.60ಕ್ಕೆ ಇಳಿಯಿತು. ಬಿಲ್ ಕಡಿಮೆಯಾಗಿದ್ದಕ್ಕೆ ಖುಷಿಪಡಬಹುದು, ಆದರೆ ಸೌರದ ಪ್ರತಿ ಯೂನಿಟ್ ಉಳಿಸುವ ಹಣವೂ ಅಷ್ಟೇ ಕಡಿಮೆಯಾಯಿತು. ಅದಕ್ಕೂ ಮುಂಚೆ ಮಾಡಿಟ್ಟ ‘ನಾಲ್ಕೇ ವರ್ಷದಲ್ಲಿ ಅಸಲು ವಾಪಸ್’ ಎಂಬ ಎಕ್ಸೆಲ್ ಶೀಟುಗಳು ಎಲ್‌ಟಿ ಗ್ರಾಹಕರ ಮಟ್ಟಿಗೆ ಹಳಸಿದವು.

ಮೊದಲು ಚಾವಣಿ ಕರೆಂಟಿನ ಲೆಕ್ಕ ಇಡುವ ನಾಲ್ಕು ಬಗೆಗಳನ್ನು ಒಂದೇ ಶೆಡ್ಡಿನ ಮೇಲೆ ಇಟ್ಟು ನೋಡೋಣ; ವ್ಹೀಲಿಂಗ್, ಎಕ್ಸ್‌ಚೇಂಜ್ ಆಮೇಲೆ. ಮಂಜೂರಾದ ಲೋಡ್ 60 ಕಿಲೋವಾಟ್, ಒಂದೇ ಪಾಳಿ, ಭಾನುವಾರ ರಜೆ, ತಿಂಗಳ ಬಳಕೆ 5,000 ಯೂನಿಟ್. ಚಾವಣಿ ಮೇಲೆ 60 ಕಿಲೋವಾಟ್ ಪ್ಯಾನೆಲ್. ನಮ್ಮ ಕಡೆ ಕಿಲೋವಾಟ್ಟಿಗೆ ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ಹಿಡಿದರೆ ತಿಂಗಳಿಗೆ 7,200. ಇದರಲ್ಲಿ ಹುಟ್ಟಿದ ಕ್ಷಣದಲ್ಲೇ ಯಂತ್ರಗಳು ನುಂಗುವುದು 3,500, ಗ್ರಿಡ್‌ಗೆ ಹರಿಯುವುದು 3,700. ತೆರಿಗೆ, ಸರ್ಚಾರ್ಜ್ ಸೇರಿಸಿ ಕೊಳ್ಳುವ ದರ 5 ರೂಪಾಯಿ, ಮಾರುವ ದರ 3 ರೂಪಾಯಿ ಎಂದಿಟ್ಟುಕೊಳ್ಳೋಣ. ನಿಮ್ಮ ಬಿಲ್, ನಿಮ್ಮ ಪಿಪಿಎ ತೆಗೆದು ಈ ಎರಡು ಅಂಕಿ ಬದಲಿಸಿಕೊಳ್ಳಿ.

ನೆಟ್ ಮೀಟರಿಂಗ್: 5,000 × 5 + 2,200 × 3 = 31,600 ರೂ.
ನೆಟ್ ಬಿಲ್ಲಿಂಗ್: 3,500 × 5 + 3,700 × 3 = 28,600 ರೂ.
ಗ್ರಾಸ್ ಮೀಟರಿಂಗ್: 7,200 × 3 = 21,600 ರೂ.
ಹೊರಗೆ ಏನೂ ಬಿಡದಿದ್ದರೆ: 3,500 × 5 = 17,500 ರೂ.

ನೆಟ್‌ನಲ್ಲಿ ತಿಂಗಳ ಆಮದು–ರಫ್ತು ಯೂನಿಟ್‌ಗೆ ಯೂನಿಟ್ ವಜಾ ಆಗಿ, ಮಿಕ್ಕಿದ್ದಕ್ಕೆ ಮಾತ್ರ ಪಿಪಿಎ ದರ. ನೆಟ್ ಬಿಲ್ಲಿಂಗ್‌ನಲ್ಲಿ ಹೊರಹೋದ ಪ್ರತಿ ಯೂನಿಟ್ಟಿಗೂ ಪಿಪಿಎ ದರವೇ. ಗ್ರಾಸ್‌ನಲ್ಲಿ ಉತ್ಪಾದನೆ ಪೂರ್ತಿ ಎಸ್ಕಾಂಗೆ, ನಿಮ್ಮ ಬಿಲ್ ಮೊದಲಿನಷ್ಟೇ ಬರುತ್ತಿರುತ್ತದೆ. ಕೇಂದ್ರದ ಗ್ರಾಹಕ ಹಕ್ಕುಗಳ ನಿಯಮಗಳ 2021ರ ತಿದ್ದುಪಡಿ ಪ್ರಕಾರ ನೆಟ್ ಮೀಟರಿಂಗ್ 500 ಕಿಲೋವಾಟ್ ಅಥವಾ ಮಂಜೂರಾದ ಲೋಡ್, ಯಾವುದು ಕಡಿಮೆಯೋ ಅಲ್ಲಿಯವರೆಗೆ.

ಸ್ಥಾವರದ ಗಾತ್ರ ನಿರ್ಧರಿಸುವ ಮುನ್ನ ಇನ್ನೊಂದು ಲೆಕ್ಕ. ಕಿಲೋವಾಟ್ಟಿಗೆ 45,000 ರೂಪಾಯಿ ಖರ್ಚು ಎಂದುಕೊಂಡರೆ, ಸ್ವಂತ ಬಳಕೆಗೆ ಹೋಗುವ ಕಿಲೋವಾಟ್ ತಿಂಗಳಿಗೆ 600 ರೂಪಾಯಿ ಉಳಿಸಿ ಆರೂಕಾಲು ವರ್ಷದಲ್ಲಿ ಅಸಲು ತರುತ್ತದೆ. ಬರೀ ಮಾರಾಟಕ್ಕೆಂದು ಸೇರಿಸಿದ ಕಿಲೋವಾಟ್ ತರುವುದು 360. ಅದರ ಅಸಲಿಗೆ ಹತ್ತು ವರ್ಷ ದಾಟುತ್ತದೆ. ಬಡ್ಡಿ, ಪ್ಯಾನೆಲ್ ತೊಳೆಯುವ ಕೂಲಿ, ಮಧ್ಯೆ ಒಮ್ಮೆ ಇನ್ವರ್ಟರ್ ಬದಲಿಸುವ ಖರ್ಚು ಇದರಲ್ಲಿಲ್ಲ. ಹಾಗಾಗಿ ನಮ್ಮ ಸಲಹೆ: ಹನ್ನೆರಡು ತಿಂಗಳ ಬಿಲ್ ಹರಡಿಕೊಂಡು, ತಿಂಗಳ ಒಟ್ಟು ಉತ್ಪಾದನೆ ತಿಂಗಳ ಬಳಕೆಯನ್ನು ತುಸುವಷ್ಟೇ ಮೀರುವಂತೆ ಸ್ಥಾವರ ಮಾಡಿ. ಮೇಲಿನ ಶೆಡ್ಡಿಗೆ 60 ಅಲ್ಲ, 42–45 ಕಿಲೋವಾಟ್ ಸಾಕು. ಲಾಭದಲ್ಲಿರುವ ಕಂಪನಿಗೆ ಮೊದಲ ವರ್ಷಗಳಲ್ಲಿ ಶೇ 40ರ ಸವಕಳಿಯ ತೆರಿಗೆ ಅನುಕೂಲ ಬೇರೆ ಇದೆ. ಪಿಎಂ ಸೂರ್ಯಘರ್ ಸಬ್ಸಿಡಿ ಮನೆಗಳಿಗೆ ಮಾತ್ರ, ಅದರ ಆಸೆ ಬೇಡ.

ನೆಟ್ ಮೀಟರಿಂಗ್‌ನಲ್ಲಿ ಕೆಡುವುದು

ಕಾಗದದ ದಾರಿ ಉದ್ದವಿದ್ದರೂ ಕಷ್ಟದ್ದಲ್ಲ: ಆನ್‌ಲೈನ್ ಅರ್ಜಿ, ಟ್ರಾನ್ಸ್‌ಫಾರ್ಮರ್ ತಾಳುತ್ತದೆಯೇ ಎಂಬ ಪರಿಶೀಲನೆ, ಪಿಪಿಎ, ಎರಡೂ ದಿಕ್ಕು ಅಳೆಯುವ ಮೀಟರ್ ಪರೀಕ್ಷೆ, 10 ಕಿಲೋವಾಟ್ ಮೀರಿದರೆ ವಿದ್ಯುತ್ ಪರಿವೀಕ್ಷಕರ ಅನುಮೋದನೆ, ಆಮೇಲೆ ಗ್ರಿಡ್‌ಗೆ ಜೋಡಣೆ. ಹಣ ಸೋರುವುದು ಜೋಡಣೆ ಆದ ಮೇಲೆ.

ಮೊದಲ ಸೋರಿಕೆ ಮೀಟರಿನ ಸಿಟಿಗಳಲ್ಲಿ (ಪ್ರತಿ ಫೇಸಿನ ಕರೆಂಟು ಅಳೆಯುವ ಕರೆಂಟ್ ಟ್ರಾನ್ಸ್‌ಫಾರ್ಮರ್). ಮೂರು ಫೇಸಿನಲ್ಲಿ ಒಂದು ಸಿಟಿ ಉಲ್ಟಾ ಕೂತರೆ ಆ ಫೇಸಿನ ರಫ್ತನ್ನು ಮೀಟರ್ ಆಮದು ಎಂದು ಓದುತ್ತದೆ. ರಫ್ತು ಮೂರರಲ್ಲಿ ಒಂದು ಪಾಲಿಗೆ ಕುಸಿದರೂ ‘ಏನೋ ಮೋಡವಿತ್ತು’ ಎಂದುಕೊಂಡು ತಿಂಗಳುಗಟ್ಟಲೆ ಸುಮ್ಮನಿರುವವರಿದ್ದಾರೆ. ಪತ್ತೆ ಹಚ್ಚುವುದು ಸುಲಭ. ಬಿಸಿಲಿರುವ ಭಾನುವಾರ ಮಧ್ಯಾಹ್ನ 12ಕ್ಕೆ ಎಲ್ಲ ಯಂತ್ರ ಆಫ್ ಮಾಡಿ, ಇನ್ವರ್ಟರ್ ಪರದೆಯಲ್ಲಿ ಎಷ್ಟು ಕಿಲೋವಾಟ್ ಇದೆ ನೋಡಿ. ಮೀಟರಿನ ಗುಂಡಿ ಒತ್ತುತ್ತಾ ಹೋದರೆ ಫೇಸ್‌ವಾರು ಕಿಲೋವಾಟ್ ಬರುತ್ತದೆ. ಮೂರೂ ರಫ್ತಿನ ದಿಕ್ಕಿನಲ್ಲಿದ್ದು, ಕೂಡಿಸಿದರೆ ಇನ್ವರ್ಟರ್ ಅಂಕಿಗೆ ಹೆಚ್ಚುಕಡಿಮೆ ತಾಳೆಯಾಗಬೇಕು. ಒಂದು ಫೇಸ್ ವಿರುದ್ಧ ತೋರಿಸಿದರೆ ಮೊಬೈಲಿನಲ್ಲಿ ಫೋಟೊ ತೆಗೆದು ಮೀಟರ್ ಪರೀಕ್ಷಾ ವಿಭಾಗಕ್ಕೆ ಲಿಖಿತ ದೂರು ಕೊಡಿ. ಸೀಲ್ ಮುಟ್ಟಬೇಡಿ.

ಎರಡನೆಯದು ವೋಲ್ಟೇಜ್. ಕೈಗಾರಿಕಾ ಬಡಾವಣೆಯಲ್ಲಿ ಭಾನುವಾರ ಎಲ್ಲರದೂ ರಜೆ, ಎಲ್ಲರ ಚಾವಣಿಯೂ ರಫ್ತಿನಲ್ಲಿರುತ್ತದೆ. ಕೊಳ್ಳುವವರಿಲ್ಲದೆ ಫೀಡರಿನ ವೋಲ್ಟೇಜ್ ಏರುತ್ತದೆ. ಕೇಂದ್ರ ವಿದ್ಯುತ್ ಪ್ರಾಧಿಕಾರದ (ಸಿಇಎ) ನಿಯಮದಂತೆ ವೋಲ್ಟೇಜ್ ಶೇ 110 ದಾಟಿದರೆ, ಅಂದರೆ 230ರ ಜಾಗದಲ್ಲಿ 253 ಮೀರಿದರೆ, ಇನ್ವರ್ಟರ್ ಎರಡು ಸೆಕೆಂಡಿನೊಳಗೆ ಕಳಚಿಕೊಳ್ಳಬೇಕು. ಹೀಗಾಗಿ ಅತಿ ಹೆಚ್ಚು ಮಾರಬೇಕಾದ ದಿನವೇ ಸ್ಥಾವರ ಆನ್–ಆಫ್ ಆಡುತ್ತಿರುತ್ತದೆ. ಇನ್ವರ್ಟರಿನ ಲಾಗ್‌ನಲ್ಲಿ ‘ಗ್ರಿಡ್ ಓವರ್‌ವೋಲ್ಟೇಜ್’ ಎಷ್ಟು ಸಲ ಬಂದಿದೆ ಎಣಿಸಿ. ಇನ್ವರ್ಟರಿನಿಂದ ಮೀಟರಿನವರೆಗೆ ಕೇಬಲ್ ಸಣ್ಣದಿದ್ದರೆ ಅಲ್ಲೇ ಕೆಲವು ವೋಲ್ಟ್ ಏರಿರುತ್ತದೆ. ಅದನ್ನು ದಪ್ಪ ಮಾಡುವುದು ನಿಮ್ಮ ಕೈಯಲ್ಲಿದೆ. ಮೀಟರಿನ ಬಳಿಯೇ 250 ಇದ್ದರೆ ಟ್ರಾನ್ಸ್‌ಫಾರ್ಮರ್ ಟ್ಯಾಪ್ (ವೋಲ್ಟೇಜ್ ಹಂತ) ಇಳಿಸಲು ಸೆಕ್ಷನ್ ಆಫೀಸಿಗೆ ಅರ್ಜಿ ಹಾಕಬೇಕು. ಕೆಲವು ಇನ್ಸ್ಟಾಲರ್‌ಗಳು ಇನ್ವರ್ಟರಿನ ಮಿತಿಯನ್ನೇ 265ಕ್ಕೆ ಏರಿಸಿ ಹೋಗುತ್ತಾರೆ. ಅದು ನಿಯಮ ಉಲ್ಲಂಘನೆ, ಶೆಡ್ಡಿನ ಸಿಎನ್‌ಸಿ ಡ್ರೈವ್‌ಗಳಿಗೂ ಒಳ್ಳೆಯದಲ್ಲ.

ಮೂರನೆಯದನ್ನು ಯಾರೂ ಮೊದಲೇ ಹೇಳುವುದಿಲ್ಲ: ಪವರ್ ಫ್ಯಾಕ್ಟರ್, ಅಂದರೆ ಗ್ರಿಡ್‌ನಿಂದ ಎಳೆದದ್ದರಲ್ಲಿ ನಿಜವಾದ ಕೆಲಸಕ್ಕೆ ಹೋಗುವ ಪಾಲು. ಅದು ಕುಸಿದರೆ ಬಿಲ್ಲಿನಲ್ಲಿ ದಂಡ. ಯಂತ್ರಗಳು 50 ಕಿಲೋವಾಟ್, ಜೊತೆಗೆ 24 ಕೆವಿಎಆರ್ (ಕೆಲಸ ಮಾಡದೆ ಮೋಟರಿನ ಕಾಂತಕ್ಷೇತ್ರಕ್ಕೆ ಬೇಕಾಗುವ ರಿಯಾಕ್ಟಿವ್ ಪವರ್) ಎಳೆಯುತ್ತಿದ್ದರೆ ಪವರ್ ಫ್ಯಾಕ್ಟರ್ 0.90. ಸೌರ 40 ಕಿಲೋವಾಟ್ ಕೊಟ್ಟಾಗ ಗ್ರಿಡ್‌ನಿಂದ ಬರುವುದು 10 ಕಿಲೋವಾಟ್, ಆದರೆ 24 ಕೆವಿಎಆರ್ ಹಾಗೆಯೇ ಉಳಿಯುತ್ತದೆ. ಮೀಟರ್ ಕಣ್ಣಿಗೆ ಪವರ್ ಫ್ಯಾಕ್ಟರ್ 0.40ಕ್ಕಿಂತ ಕೆಳಗೆ. ಸೌರದಲ್ಲಿ ಉಳಿಸಿದ್ದರ ಒಂದು ಪಾಲು ದಂಡಕ್ಕೆ ಹೋಗುತ್ತದೆ. ಪವರ್ ಫ್ಯಾಕ್ಟರ್ ಸರಿಪಡಿಸುವ ಕೆಪಾಸಿಟರ್ ಪ್ಯಾನೆಲ್ಲಿನ ಸಿಟಿ, ಸೌರ ಬಂದು ಸೇರುವ ಬಿಂದುವಿಗಿಂತ ಗ್ರಿಡ್ ಕಡೆಗಿರಬೇಕು. ಅದರ ರಿಲೇ ನಾಲ್ಕೂ ಕ್ವಾಡ್ರಂಟ್ (ಆಮದು, ರಫ್ತು ಎರಡೂ ದಿಕ್ಕು) ಓದುವಂಥದ್ದಾಗಿರಬೇಕು, ಇಲ್ಲದಿದ್ದರೆ ರಫ್ತಿನ ವೇಳೆ ಗಲಿಬಿಲಿಗೊಂಡು ಕೆಪಾಸಿಟರ್‌ಗಳನ್ನೆಲ್ಲ ಕಳಚಿಬಿಡುತ್ತದೆ. ಇನ್ವರ್ಟರಿನಿಂದಲೇ ಒಂದಿಷ್ಟು ಕೆವಿಎಆರ್ ಪಡೆಯುವ ಸೆಟ್ಟಿಂಗ್ ಈಗಿನ ಬಹುತೇಕ ಮಾದರಿಗಳಲ್ಲಿದೆ.

ಫೀಡರ್ ಕರೆಂಟು ಹೋದರೆ ಇನ್ವರ್ಟರ್ ನಿಲ್ಲುತ್ತದೆ, ಆ ಹೊತ್ತಿನ ರಫ್ತಿಗೆ ಯಾರೂ ದುಡ್ಡು ಕೊಡುವುದಿಲ್ಲ.

ಗ್ರಾಸ್ ಯಾರಿಗೆ

ದೊಡ್ಡ ಚಾವಣಿ, ಚಿಕ್ಕ ಬಳಕೆ ಇರುವ ಗೋದಾಮು, ಕಲ್ಯಾಣ ಮಂಟಪಗಳಿಗೆ ಗ್ರಾಸ್ ಹೇಳಿಮಾಡಿಸಿದ್ದು ಎನಿಸುತ್ತದೆ. ತೊಡಕು ಮಂಜೂರಾದ ಲೋಡಿನದು. ಹತ್ತು ಸಾವಿರ ಚದರಡಿಯ ಗೋದಾಮಿಗೆ ಲೋಡ್ 5 ಕಿಲೋವಾಟ್ ಇದ್ದರೆ ಸ್ಥಾವರವೂ ಅಷ್ಟಕ್ಕೇ ನಿಲ್ಲುತ್ತದೆ. ಲೋಡ್ ಏರಿಸಿಕೊಳ್ಳೋಣವೆಂದರೆ ವಾಣಿಜ್ಯ ಸಂಪರ್ಕದ ಫಿಕ್ಸೆಡ್ ಚಾರ್ಜ್ ಕಿಲೋವಾಟ್ಟಿಗೆ ತಿಂಗಳಿಗೆ ಇನ್ನೂರರ ಆಸುಪಾಸು. ಕಿಲೋವಾಟ್ ಗಳಿಸುವ 360ರಲ್ಲಿ ಅರ್ಧಕ್ಕಿಂತ ಹೆಚ್ಚು ಅಲ್ಲೇ ಮುಗಿಯಿತು. ಲೋಡ್ ಈಗಾಗಲೇ ದೊಡ್ಡದಿದ್ದು ವರ್ಷದ ಬಹುಕಾಲ ಖಾಲಿ ಬಿದ್ದಿರುವ ಕಡೆ, ಉದಾಹರಣೆಗೆ ಹಂಗಾಮಿನಲ್ಲಷ್ಟೇ ಓಡುವ ಹತ್ತಿ ಜಿನ್ನಿಂಗ್ ಮಿಲ್ಲು ಅಥವಾ ಕಾಫಿ ಕ್ಯೂರಿಂಗ್ ಘಟಕದಲ್ಲಿ, ರಫ್ತು ನಿಜಕ್ಕೂ ಹಣ ತರುತ್ತದೆ. ಅಲ್ಲೂ ನಾವು ನೆಟ್ ಕಡೆಗೇ ವಾಲುತ್ತೇವೆ. ಕೆಲಸವಿಲ್ಲದ ತಿಂಗಳಲ್ಲಿ ನೆಟ್ ತಾನಾಗಿಯೇ ಗ್ರಾಸ್‌ನಂತಾಗುತ್ತದೆ, ಹಂಗಾಮಿನಲ್ಲಿ ಬಿಲ್ಲೂ ಉಳಿಯುತ್ತದೆ.

ವ್ಹೀಲಿಂಗ್: ದೊಡ್ಡವರ ಆಟ, ಸೂಕ್ಷ್ಮ ಷರತ್ತು

ಒಂದು ಮೆಗಾವಾಟ್ ಮತ್ತು ಮೇಲಿನವರು ಚಿತ್ರದುರ್ಗವೋ ಗದಗವೋ ಜಮೀನು ಹಿಡಿದು, ಅಲ್ಲಿ ಉತ್ಪಾದಿಸಿ, ಶುಲ್ಕ ಕೊಟ್ಟು ಗ್ರಿಡ್ ಮೂಲಕ ಸಾಗಿಸಿ, ಬೆಂಗಳೂರಿನ ಕಾರ್ಖಾನೆಯಲ್ಲಿ ಬಳಸಿಕೊಳ್ಳಬಹುದು. ಇದೇ ವ್ಹೀಲಿಂಗ್. ಸೌರಕ್ಕೆ ಮೆಗಾವಾಟ್ಟಿಗೆ ಸುಮಾರು ನಾಲ್ಕು ಎಕರೆ, ವರ್ಷಕ್ಕೆ ಸುಮಾರು 15 ಲಕ್ಷ ಯೂನಿಟ್. ಲಾಭವೆಲ್ಲ ‘ಕ್ಯಾಪ್ಟಿವ್’ (ಸ್ವಂತ ಬಳಕೆಯ ಸ್ಥಾವರ) ಎಂಬ ಪಟ್ಟದಲ್ಲಿದೆ. 2005ರ ವಿದ್ಯುತ್ ನಿಯಮಗಳ ಪ್ರಕಾರ ಬಳಕೆದಾರರ ಕೈಯಲ್ಲಿ ಕನಿಷ್ಠ ಶೇ 26 ಒಡೆತನವಿರಬೇಕು, ವರ್ಷದ ಉತ್ಪಾದನೆಯಲ್ಲಿ ಶೇ 51 ಅವರೇ ಬಳಸಬೇಕು. ಹಲವರು ಸೇರಿದ ಗುಂಪಾದರೆ ಪ್ರತಿಯೊಬ್ಬರ ಬಳಕೆ ಅವರ ಪಾಲಿಗೆ ಶೇ 10ರ ಹೆಚ್ಚುಕಮ್ಮಿಯೊಳಗಿರಬೇಕು. ಪಾಲುದಾರರಲ್ಲೊಬ್ಬರು ಕಾರ್ಖಾನೆ ಮುಚ್ಚಿದರೆ ಲೆಕ್ಕ ತಪ್ಪುತ್ತದೆ. ಒಟ್ಟು ಬಳಕೆ ಶೇ 51ರ ಕೆಳಗೆ ಹೋದರಂತೂ ಇಡೀ ವರ್ಷದ ವಿದ್ಯುತ್ ‘ಮಾರಾಟ’ ಎನಿಸಿಕೊಂಡು ಕ್ರಾಸ್ ಸಬ್ಸಿಡಿ ಸರ್ಚಾರ್ಜ್ (ಎಸ್ಕಾಂ ಬಿಟ್ಟು ಬೇರೆಡೆ ಕೊಳ್ಳುವವರ ಮೇಲಿನ ಹೆಚ್ಚುವರಿ ಶುಲ್ಕ) ಎಲ್ಲರ ತಲೆಗೆ ಬೀಳುತ್ತದೆ. ಪ್ರತಿ ತ್ರೈಮಾಸಿಕಕ್ಕೊಮ್ಮೆ ಈ ಶೇಕಡಾವಾರು ತೆಗೆದು ನೋಡಿ. ಮಾರ್ಚ್‌ನಲ್ಲಿ ಎಚ್ಚೆತ್ತರೆ ಸರಿಪಡಿಸಲು ಸಮಯವಿರುವುದಿಲ್ಲ.

ಉಳಿದ ಯೂನಿಟ್ ಬ್ಯಾಂಕ್ ಮಾಡುವ, ಅಂದರೆ ಗ್ರಿಡ್‌ಗೆ ಬಿಟ್ಟು ಆಮೇಲೆ ವಾಪಸ್ ಪಡೆಯುವ ನಿಯಮ ಕಾಲಕಾಲಕ್ಕೆ ಬಿಗಿಯಾಗುತ್ತಾ ಬಂದಿದೆ. ಕೇಂದ್ರದ 2022ರ ಹಸಿರು ಮುಕ್ತ ಪ್ರವೇಶ (ಗ್ರೀನ್ ಓಪನ್ ಆಕ್ಸೆಸ್: ಎಸ್ಕಾಂ ಬಿಟ್ಟು ಬೇರೆಡೆಯಿಂದ ಹಸಿರು ವಿದ್ಯುತ್ ತರಿಸಿಕೊಳ್ಳುವ) ನಿಯಮಗಳು 1 ಮೆಗಾವಾಟ್ ಮಿತಿಯನ್ನು 100 ಕಿಲೋವಾಟ್‌ಗೆ ಇಳಿಸಿ, ತಿಂಗಳ ಲೆಕ್ಕದ ಬ್ಯಾಂಕಿಂಗ್ ತಂದವು. ಕರ್ನಾಟಕ ಹೈಕೋರ್ಟ್ 2024ರ ಡಿಸೆಂಬರ್‌ನಲ್ಲಿ ಆ ನಿಯಮಗಳನ್ನೂ ಅವುಗಳ ಮೇಲೆ ಕೆಇಆರ್‌ಸಿ ಮಾಡಿದ್ದ ನಿಬಂಧನೆಗಳನ್ನೂ ರದ್ದುಪಡಿಸಿತು. ಆದ್ದರಿಂದ ವ್ಹೀಲಿಂಗ್ ಒಪ್ಪಂದಕ್ಕೆ ಸಹಿ ಹಾಕುವ ದಿನ ಯಾವ ನಿಬಂಧನೆ ಜಾರಿಯಲ್ಲಿದೆ, ನಿಯಮ ಬದಲಾದರೆ ನಷ್ಟ ಯಾರದು ಎಂಬ ಕಲಮನ್ನು ವಕೀಲರಿಂದ ಓದಿಸದೆ ಮುಂದುವರಿಯಬೇಡಿ. ಸ್ಥಾವರ ಕಟ್ಟುವ ಕಂಪನಿಯ ಕರಡಿನಲ್ಲಿ ಆ ನಷ್ಟ ಸಾಮಾನ್ಯವಾಗಿ ನಿಮ್ಮದೇ ಆಗಿರುತ್ತದೆ.

ಎಕ್ಸ್‌ಚೇಂಜ್

ವಿದ್ಯುತ್ ಮಾರುಕಟ್ಟೆಯಾದ ಇಂಡಿಯನ್ ಎನರ್ಜಿ ಎಕ್ಸ್‌ಚೇಂಜ್‌ನಲ್ಲಿ ಹಸಿರು ವಿದ್ಯುತ್ತಿಗೆಂದೇ 2020ರಿಂದ ಟರ್ಮ್ ಅಹೆಡ್ (ಮುಂದಿನ ಅವಧಿಗಳಿಗೆ), 2021ರಿಂದ ಡೇ ಅಹೆಡ್ (ಮರುದಿನಕ್ಕೆ) ವಹಿವಾಟು ಇದೆ. ಡೇ ಅಹೆಡ್‌ನಲ್ಲಿ ದಿನವನ್ನು 15 ನಿಮಿಷದ 96 ಬ್ಲಾಕ್ ಮಾಡಿ, ನಾಳೆಯ ಪ್ರತಿ ಬ್ಲಾಕಿಗೂ ಇವತ್ತೇ ಬಿಡ್ ಹಾಕಬೇಕು. ಇದಕ್ಕೆ ಬೇಕಾದ್ದು ರಾಜ್ಯ ಲೋಡ್ ರವಾನೆ ಕೇಂದ್ರದ (ಎಸ್‌ಎಲ್‌ಡಿಸಿ) ನಿರಾಕ್ಷೇಪಣೆ, 15 ನಿಮಿಷದ ಲೆಕ್ಕ ಇಡುವ ಎಬಿಟಿ ಮೀಟರ್, ಟ್ರೇಡರ್ ಕಮಿಷನ್, ಹೇಳಿದ್ದಕ್ಕಿಂತ ಹೆಚ್ಚುಕಡಿಮೆ ಆದರೆ ಡೀವಿಯೇಶನ್ ಶುಲ್ಕ. ಚಾವಣಿಯ ಮಿಕ್ಕ ಯೂನಿಟ್ಟಿಗೆ ಇಷ್ಟೆಲ್ಲ ಕಟ್ಟಿಕೊಳ್ಳುವುದು ದಂಡ. ಮೇಲಾಗಿ ದೇಶದ ಸೌರ ಸ್ಥಾವರಗಳೆಲ್ಲ ಮಾರಲು ಬರುವ ಮಧ್ಯಾಹ್ನದ ಬ್ಲಾಕ್‌ಗಳಲ್ಲೇ ಬೆಲೆ ತಳ ಹಿಡಿಯುತ್ತದೆ. ಬೆಲೆ ಏರುವುದು ಸೂರ್ಯ ಮುಳುಗಿದ ಮೇಲೆ. ಸಂಜೆಯೂ ಬೀಸುವ ಗಾಳಿ ವಿದ್ಯುತ್ ಅಥವಾ ಸಕ್ಕರೆ ಕಾರ್ಖಾನೆಯ ಕಬ್ಬಿನ ಸಿಪ್ಪೆಯ ವಿದ್ಯುತ್ ಇದ್ದವರಿಗೆ ಈ ದಾರಿ ಲೆಕ್ಕಕ್ಕೆ ಬರುತ್ತದೆ. ಬರೀ ಸೌರದವರು ಬ್ಯಾಟರಿ ಇಡುವ ತನಕ ಈ ಕಡೆ ತಲೆ ಹಾಕದಿರುವುದೇ ಮೇಲು.