ಹಳೇ ಬಾಗ್ಲು, ಹಳೇ ಹಂಚಿನ ಅಂಗಡಿ: ಒಂದು ಮಳೆಗಾಲ ಕಳೆದ್ಮೇಲೆ ಬರೀತಿರೋ ರಿವ್ಯೂ

ಶಿವಮೊಗ್ಗ ಹತ್ರ ಸಣ್ಣದೊಂದು ಮನೆ ಕಟ್ಟಿಸಿದ್ವಿ, ಬಾಗ್ಲು ಕಿಟಕಿ ಹಂಚು ಎಲ್ಲಾ ಹಳೇದೇ ಹಾಕೋಣ ಅಂತ ನಾನೇ ಹಟ ಹಿಡಿದು ಕೆಡವಿದ ಮನೆಗಳ ಸಾಮಾನು ಮಾರೋ ಒಂದು ಅಂಗಡಿಯಿಂದ ತಂದೆ. ಅಂಗಡಿ ಹೆಸ್ರು ಹಾಕ್ತಿಲ್ಲ, ಯಾಕಂದ್ರೆ ಮುಂದೆ ಸ್ವಲ್ಪ ಬೈಯೋದೂ ಇದೆ.

ಮರದ ಬಗ್ಗೆ ಎರಡು ಮಾತಿಲ್ಲ. ಎಷ್ಟೋ ವರ್ಷ ಒಣಗಿ ಕೂತಿರೋ ಮರ, ಸರಿಯಾಗಿ ಒಣಗದ ಹೊಸ ಮರದಷ್ಟು ಸೊಟ್ಟಗಾಗೋದೂ ಸೀಳೋದೂ ಇಲ್ಲ. ಈ ಮಳೆಗಾಲ ಪೂರ್ತಿ ಒಂದು ಬಾಗ್ಲೂ ಕಚ್ಚಿಕೊಂಡಿಲ್ಲ, ನಮ್ಮಕ್ಕನ ಮನೆ ಹೊಸ ಬಾಗ್ಲು ಜೂನ್ ಬಂತು ಅಂದ್ರೆ ಭುಜ ಕೊಟ್ಟು ತಳ್ಬೇಕು. ಒಣ ಮರದ ತೂಕದಲ್ಲಿ ಸುಮಾರು ಅರ್ಧ ಇಂಗಾಲಾನೇ ಇರುತ್ತೆ, ಹೋಟ್ಲು ಒಲೆಗೆ ಸೌದೆ ಆಗಿ ಹೋಗಿದ್ರೆ ಅಷ್ಟೂ ಹೊಗೆ ಆಗ್ತಿತ್ತು, ಈಗ ನಮ್ಮನೆ ಚಿಲಕ ಹಿಡ್ಕೊಂಡು ನಿಂತಿದೆ.

ಆದ್ರೆ ಆ ಅಂಗಡೀಲಿ ಬಣ್ಣ ಬಳಿದಿರೋದೆಲ್ಲ 'ಬರ್ಮಾ ಟೀಕ್' ಸಾರ್! ನಾನು ನಂಬಿ ಮುಂಬಾಗ್ಲಿಗೆ ಟೀಕಿನ ರೇಟೇ ಕೊಟ್ಟೆ. ಮನೇಲಿ ಮರಗೆಲಸದ ಆಚಾರ್ರು ಚೌಕಟ್ಟಿನ ಮೂಲೆ ಕೆತ್ತಿ ನೋಡಿ 'ಸಾರ್, ಬಾಗ್ಲು ಟೀಕೇ, ಚೌಕಟ್ಟು ಮತ್ತಿ' ಅಂದ್ರು. ಮತ್ತಿ ಕೆಟ್ಟ ಮರ ಅಲ್ಲ, ಆದ್ರೆ ಟೀಕಿನ ರೇಟು ಅಲ್ವಲ್ಲ. ಫೋನ್ ಮಾಡಿದ್ರೆ ಅಂಗಡಿಯವ 'ನೋಡ್ಕೊಂಡೇ ತಾನೇ ತಗೊಂಡಿದ್ದು' ಅಂತ ಇಟ್ಟುಬಿಟ್ಟ. ಹಾಗಾಗಿ ಆಚಾರ್ರನ್ನ ಜೊತೇಲೇ ಕರ್ಕೊಂಡು ಹೋಗಿ, ಅವತ್ತಿನ ಕೂಲಿ ಹೋದ್ರೂ ಪರ್ವಾಗಿಲ್ಲ. ಮರದೊಳಗೆ ಮುರಿದುಕೊಂಡಿರೋ ಮೊಳೆ ಎಲ್ಲೆಲ್ಲಿದೆ ಅನ್ನೋದೂ ಅವರಿಗೇ ಕಾಣೋದು, ರಂದದ ಅಲಗು ಹೋದ್ರೆ ಆ ಖರ್ಚೂ ನಿಮ್ಮ ತಲೆಗೇ.

ಹಂಚಿಂದು ಇನ್ನೊಂದು ಕತೆ. ಬಾಸೆಲ್ ಮಿಷನ್ ಅಂತ ಅಚ್ಚಿರೋ ಹಂಚಿನ ಮೇಲೆ 1865 ಅಂತ ಇತ್ತು, 'ನೂರೈವತ್ತು ವರ್ಷದ ಮಾಲು' ಅಂತ ಒಂದೊಂದಕ್ಕೂ ಜಾಸ್ತಿ ಕೇಳಿದ. ಅದು ಮಂಗಳೂರಲ್ಲಿ ಆ ಮಿಷನ್ನೋರು, ಅಂದ್ರೆ ಯುರೋಪಿಂದ ಬಂದ ಕ್ರೈಸ್ತ ಪಾದ್ರಿಗಳ ಸಂಸ್ಥೆಯೋರು, ಹಂಚಿನ ಕಾರ್ಖಾನೆ ಶುರು ಮಾಡಿದ ವರ್ಷ ಕಣ್ರೀ, ಹಂಚು ಸುಟ್ಟ ವರ್ಷ ಅಲ್ಲ. ಇದನ್ನ ಹೇಳಿದ್ಮೇಲೆ ನಕ್ಕು ಮಾಮೂಲಿ ರೇಟಿಗೆ ಬಂದ. ನೂರು ಚದರ ಅಡಿಗೆ ಸುಮಾರು 150 ಹಂಚು ಬೇಕು, ಒಡೆಯೋದಕ್ಕೆ ಅಂತ ಹತ್ತಿಪ್ಪತ್ತು ಹೆಚ್ಚಿಗೆ ತನ್ನಿ, ಒಂದೊಂದನ್ನೂ ಬೆರಳಲ್ಲಿ ತಟ್ಟಿ, ಠಣ್ ಅಂದ್ರೆ ಇಟ್ಕೊಳಿ, ಬದ್ ಅಂದ್ರೆ ಒಳಗೆ ಬಿರುಕು. ಪಾಚಿ ಉಜ್ಜಿ ಉಜ್ಜಿ ಕೈ ಬಿದ್ದೋಗುತ್ತೆ, ಆದ್ರೂ ಹೊಸ ಹಂಚಿಗೆ ಮತ್ತೆ ಜೇಡಿ ಅಗೆದು ಗೂಡಲ್ಲಿ ಸುಡಬೇಕು, ಇದಕ್ಕೆ ಆ ಬೆಂಕಿ ನಮ್ಮಜ್ಜನ ಕಾಲದಲ್ಲೇ ಉರಿದು ಮುಗಿದಿದೆ.

ನಾನು ಮಾಡಿದ ದೊಡ್ಡ ತಪ್ಪು ಅಂದ್ರೆ ಗೋಡೆ ಎದ್ದ ಮೇಲೆ ಬಾಗ್ಲು ಹುಡುಕಿದ್ದು. ಹಳೇ ಬಾಗ್ಲುಗಳು ಗಿಡ್ಡ, ನಾವು ಬಿಟ್ಟಿದ್ದ ಜಾಗ ಏಳು ಅಡಿ, ಮೇಲೆ ಉಳಿದ ಸಂದಿಗೆ ವೆಂಟಿಲೇಟರ್ ಕೂರಿಸಿ ಸುಧಾರಿಸಿದ್ವಿ, ದುಡ್ಡು ಉಳಿಸಿದ್ದೆಲ್ಲ ಅಲ್ಲೇ ಹೋಯ್ತು. ಮೊದ್ಲು ಬಾಗ್ಲು ಕಿಟಕಿ ತಂದಿಟ್ಕೊಂಡು ಆಮೇಲೆ ಮೇಸ್ತ್ರಿಗೆ ಅಳತೆ ಕೊಡಿ. ಅಡುಗೆಮನೆ ಬಾಗ್ಲಿಗೆ ನಮ್ಮ ಭಾವ ಇನ್ನೂ ಹಣೆ ಹೊಡ್ಕೋತಾನೇ ಇದಾರೆ, ಅದಕ್ಕೆ ಪರಿಹಾರ ಇಲ್ಲ.

ಇಟ್ಟಿಗೇನೂ ಅಲ್ಲೇ ಸಿಗುತ್ತೆ, ಸುಣ್ಣದ ಗಾರೆಯಲ್ಲಿ ಕಟ್ಟಿದ್ದ ಗೋಡೇದು ಮಾತ್ರ ತಗೊಳಿ. ಗಾರೆ ತಟ್ಟಿದ್ರೆ ಉದುರುತ್ತೆ, ಇಟ್ಟಿಗೆ ಇಡಿಯಾಗಿ ಬರುತ್ತೆ, ಸಿಮೆಂಟಲ್ಲಿ ಕಟ್ಟಿದ್ದು ಬಿಡಿಸೋಕೆ ಹೋದ್ರೆ ಇಟ್ಟಿಗೇನೇ ಒಡೆಯುತ್ತೆ. ಅಂಗಡಿಯವನೇ ಇದನ್ನ ಹೇಳಿದ್ದು, ಸುಳ್ಳುಗಾರ ಆದ್ರೂ ಇದೊಂದು ನಿಜ ಹೇಳ್ದ.

ಸಾಮಾನಿಗೆ ಐದಕ್ಕೆ ನಾಲ್ಕೂವರೆ, ವ್ಯವಹಾರಕ್ಕೆ ಎರಡು. ಬಿಲ್ ಕೇಳಿದ್ರೆ ಮುಖ ಸಿಂಡರಿಸ್ತಾನೆ, ಬಿಡ್ಬೇಡಿ, ಮರದ ಹೆಸ್ರು ಅದ್ರಲ್ಲೇ ಬರೆಸ್ಕೊಳಿ. ಹಿತ್ಲಲ್ಲಿ ದನದ ಕೊಟ್ಟಿಗೆ ಹಾಕ್ಬೇಕು, ಹಂಚಿಗೆ ಮುಂದಿನ ತಿಂಗ್ಳು ಮತ್ತೆ ಅಲ್ಲಿಗೇ ಹೋಗ್ತಿದೀನಿ, ಈ ಸಲ ಆಚಾರ್ರ ಜೊತೆ.